ಬಾಣಂತಿಯ ಮುಟ್ಟು
ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಾಗಲಿ ದೊಡ್ಡ ನಗರದಲ್ಲಾಗಲಿ, ಹಾಲೂಡಿಸುವ ಬಾಣಂತಿಯ ಮುಟ್ಟು ಕೆಲವು ತಿಂಗಳು ನಿಂತು, ಬಳಿಕ ಏರುಪೇರಾಗಿ ಬರುವುದು ಸಾಮಾನ್ಯವಾಗಿ ರೋಗವಲ್ಲ. ಶಿಶು ಮೊಲೆಯುಣ್ಣುವಾಗ ತಾಯಿಯ ಮೆದುಳಿಗೆ ತಲುಪುವ ಸಂಕೇತಗಳು ಅಂಡೋತ್ಪತ್ತಿಯನ್ನು ತಡೆಯುತ್ತವೆ. ಹಾಲೂಡಿಸುವುದು ಕಡಮೆಯಾದಂತೆ ಆ ತಡೆಯೂ ಸಡಿಲುತ್ತದೆ.

ಆದರೆ ಮುಟ್ಟಾಗುವವರೆಗೆ ಗರ್ಭ ನಿಲ್ಲದೆಂಬ ನಂಬಿಕೆ ಅಪಾಯಕರವಾದುದು. ಅಂಡವು ಹೊರಬಿದ್ದ ಸುಮಾರು ಎರಡು ವಾರಗಳ ಮೇಲೆ ಮುಟ್ಟಾಗುವುದರಿಂದ, ಮೊದಲ ಮುಟ್ಟಿಗೆ ಮುನ್ನವೇ ಬಸಿರಾಗಬಹುದು. 1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ ತಜ್ಞರ ಮತದಂತೆ, ಮುಟ್ಟು ಮರಳದೆ, ಶಿಶುವಿಗೆ ಆರು ತಿಂಗಳು ತುಂಬದೆ, ಎದೆಹಾಲೇ ಅದರ ಪೂರ್ಣಾಹಾರವಾಗಿದ್ದರೆ ಮಾತ್ರ ಶೇಕಡಾ 98ಕ್ಕೂ ಹೆಚ್ಚಿನ ರಕ್ಷಣೆಯುಂಟು. ಒಂದು ತಪ್ಪಿದರೂ ವೈದ್ಯರ ಸಲಹೆ ಬೇಕು.

ಒಂದರ ಹಿಂದೊಂದು ಬಸಿರು ತಾಯಿಯನ್ನು ಕುಗ್ಗಿಸುತ್ತದೆ. ಇದನ್ನು ತರಗತಿಯಲ್ಲಿ ಹೇಳಲು ನಾವು ನಾಚಬಾರದು.