2ಟಿ ಎಲ್ಲ ಒಂದೇ ಅಲ್ಲ ಮಾರಾಯ್ರೆ!

ಕಳೆದ ದೀಪಾವಳಿ ಬೋನಸ್ಸಿನ ಮುಕ್ಕಾಲು ಪಾಲನ್ನು ನಾನು ಒಂದು ಹಳೇ ಜೆಟ್ ಸ್ಕೀ ಮೇಲೆ ಸುರಿದೆ. ಉಳಿದ ದುಡ್ಡು ದೊಡ್ಡಪ್ಪನ ಮಗನದ್ದು. ಗೋವಾದಿಂದ ತಂದ ಟೂ-ಸ್ಟ್ರೋಕ್ ಗಾಡಿ. ಮಲ್ಪೆ ಬೀಚಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸೋದು ಅಣ್ಣನ ಕೆಲಸ. ವಾರಾಂತ್ಯ ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬಂದು ಎಣ್ಣೆ, ಪ್ಲಗ್ ನೋಡ್ಕೊಳ್ಳೋದು ನನ್ನದು. ಬಂಕಿನಲ್ಲಿ "2ಟಿ ಆಯಿಲ್" ಅಂತ ಕೇಳಿದೆ, ಕೊಟ್ಟರು, ತಂದೆ. ಅಪ್ಪನ ಆರ್‌ಎಕ್ಸ್ 100ಗೆ ಹಾಕ್ತಾ ಇದ್ದದ್ದೂ ಅದೇ ತಾನೇ?

ಕ್ರಿಸ್‌ಮಸ್ ರಜೆಗೆ ಜನ ಬರೋ ಹೊತ್ತಿಗೆ ಸರಿಯಾಗಿ ಗಾಡಿ ಕೈಕೊಟ್ಟಿತು. ಪ್ಲಗ್ ಹೋಗೋದು, ಬದಲಿಸಿದರೆ ಎರಡು ದಿನ ಓಡೋದು, ಮತ್ತೆ ಹೋಗೋದು. ಆಮೇಲೆ ಎಳೆತವೇ ಇಲ್ಲ. ದೋಣಿ ಎಂಜಿನ್ ರಿಪೇರಿ ಮಾಡುವವರು ಹೆಡ್ ಬಿಚ್ಚಿ ಒಳಗೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಎಂಥ ಮಾರಾಯ್ರೆ, ಬೈಕಿನ ಎಣ್ಣೆ ಹಾಕಿದ್ದಾ?"

ಪಿಸ್ಟನ್ ರಿಂಗು ಬೂದಿಯಲ್ಲಿ ಅಂಟಿಕೊಂಡು ಅಲ್ಲಾಡ್ತಾನೇ ಇರಲಿಲ್ಲ. ಪಾರ್ಟ್ಸ್ ಬರೋಕೆ ಎರಡು ವಾರ. ವರ್ಷದ ಅತಿ ದೊಡ್ಡ ಸೀಸನ್ನಿನಲ್ಲಿ ಅಣ್ಣ ದಡದಲ್ಲಿ ಕೂತ. ನನಗೆ ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ನೋವು.

ಅವರು ಹೇಳಿದ್ದು ಇಷ್ಟು. ಟೂ-ಸ್ಟ್ರೋಕ್‌ನಲ್ಲಿ ಕಾರಿನ ಹಾಗೆ ಎಣ್ಣೆ ತಳದಲ್ಲಿ ನಿಂತಿರಲ್ಲ. ಪೆಟ್ರೋಲಿನ ಜೊತೆ ಒಳಗೆ ಹೋಗಿ, ಬೇರಿಂಗು ಪಿಸ್ಟನ್ನು ಎಲ್ಲ ಸವರಿ, ಕೊನೆಗೆ ಉರಿದು ಹೊಗೆಯಾಗಿ ಹೋಗುತ್ತೆ. ಅಂದಮೇಲೆ ಉರಿದ ನಂತರ ಏನು ಉಳಿಯುತ್ತೆ ಅನ್ನೋದೇ ಮುಖ್ಯ. ಗಾಳಿಯಲ್ಲಿ ತಣಿಯುವ ಬೈಕಿನ ಎಂಜಿನ್ ತುಂಬಾ ಬಿಸಿಯಾಗುತ್ತೆ, ಅದಕ್ಕೆ ತಕ್ಕಂತೆ ಆ ಎಣ್ಣೆಗೆ ಲೋಹದ ಅಂಶ ಸೇರಿಸಿರ್ತಾರೆ. ಸಮುದ್ರದ ನೀರಲ್ಲೇ ತಣಿಯುವ ಎಂಜಿನ್ನಿಗೆ ಅಷ್ಟು ಬಿಸಿ ಇಲ್ಲ. ಬೂದಿ ಪ್ಲಗ್ಗಿನಲ್ಲಿ, ರಿಂಗಿನ ಸಂದಿಯಲ್ಲಿ ಕೂರುತ್ತೆ. ನಮ್ಮ ಗಾಡಿಗೆ ಬೇಕಿದ್ದದ್ದು ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರೋ, ಬೂದಿ ಬಿಡದ ದೋಣಿ ಎಣ್ಣೆ. ಹಾಗಂತ ಕಣ್ಣುಮುಚ್ಚಿ ಅದನ್ನೇ ತರಬೇಡಿ. ಎಕ್ಸಾಸ್ಟ್ ವಾಲ್ವ್ ಇರುವ ಕೆಲವು ರೋಟಾಕ್ಸ್ ಎಂಜಿನ್ನುಗಳಿಗೆ ಎಪಿಐ ಟಿಸಿ ದರ್ಜೆಯ, ಕಡಿಮೆ ಬೂದಿಯ ಎಣ್ಣೆಯೇ ಬೇಕು. ಮ್ಯಾನ್ಯುಯಲ್ ನೋಡಿ. ಮತ್ತೆ ದೋಣಿ ಎಣ್ಣೆ ಮಿಕ್ಕಿತು ಅಂತ ಆರ್‌ಎಕ್ಸ್‌ಗೆ ಸುರೀಬೇಡಿ, ಆ ಬಿಸಿ ಇದಕ್ಕೆ ತಡೆಯಲ್ಲ.

ಅಳತೆ ವಿಷಯಕ್ಕೆ ಬಂದರೆ, ನಮ್ಮದರಲ್ಲಿ ಆಯಿಲ್ ಪಂಪು ಕಿತ್ತಿದ್ದಾರೆ, ಕೈಯಲ್ಲೇ ಬೆರೆಸಬೇಕು. 50ಕ್ಕೆ 1 ಅಂದರೆ 10 ಲೀಟರ್ ಪೆಟ್ರೋಲಿಗೆ 200 ಎಂ.ಎಲ್. "ಇರಲಿ, ಸ್ವಲ್ಪ ಜಾಸ್ತಿ" ಅಂತ ಅಮ್ಮ ಒಗ್ಗರಣೆಗೆ ಸುರಿದ ಹಾಗೆ ಸುರಿದರೆ ಪ್ಲಗ್ ಮತ್ತೆ ಕಪ್ಪಾಗುತ್ತೆ.

ಜನವರಿಯಲ್ಲಿ ಇನ್ನೊಂದು ಎಡವಟ್ಟು ಮಾಡೋದರಲ್ಲಿದ್ದೆ. ಉಪ್ಪು ತೊಳೆಯೋಕೆ ಪೈಪ್ ಸಿಕ್ಕಿಸಿ ಮೊದಲು ನಲ್ಲಿ ತಿರುಗಿಸೋಕೆ ಹೋದೆ. ಅಣ್ಣ ಓಡಿ ಬಂದು ಕೈ ಹಿಡಿದ. ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಕೆಲವೇ ಸೆಕೆಂಡ್ ರೇಸ್ ಮಾಡಿ ಒಳಗಿನ ನೀರು ಕಕ್ಕಿಸಿ ಎಂಜಿನ್ ಆಫ್. ಎಂಜಿನ್ ಓಡದೇ ಇದ್ದಾಗ ನೀರನ್ನು ಹೊರಗೆ ತಳ್ಳೋಕೆ ಹೊಗೆ ಇರಲ್ಲ, ಅದು ಎಕ್ಸಾಸ್ಟ್ ದಾರಿಯಲ್ಲಿ ಸಿಲಿಂಡರಿಗೇ ಇಳಿಯುತ್ತೆ.

ಈಗ ಮಳೆಗಾಲದ ತಯಾರಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿದ್ದೀವಿ. ಬಂಕಿನ ಇ20 ಪೆಟ್ರೋಲಿನಲ್ಲಿರೋ ಎಥನಾಲ್ ಗಾಳಿಯ ತೇವ ಹೀರುತ್ತೆ. ತಿಂಗಳುಗಟ್ಟಲೆ ಬಿಟ್ಟರೆ ನೀರು-ಎಥನಾಲ್ ಬೇರೆಯಾಗಿ ತಳ ಸೇರುತ್ತೆ, ಎಣ್ಣೆ ಮೇಲೆ ಪೆಟ್ರೋಲಿನ ಜೊತೆಗೇ ಉಳಿಯುತ್ತೆ. ಎಂಜಿನ್ ಎಳೆಯೋದು ತಳದ್ದನ್ನು! ಆಮೇಲೆ ಪ್ಲಗ್ ತೆಗೆದು ಸಿಲಿಂಡರಿಗೆ ಫಾಗಿಂಗ್ ಆಯಿಲ್ ಸ್ಪ್ರೇ ಹೊಡೆದು, ಎಂಜಿನ್ ಎರಡು ಸುತ್ತು ತಿರುಗಿಸಿ ತುಕ್ಕು ಹಿಡಿಯದ ಹಾಗೆ ಮಾಡಿದ್ವಿ.

ಗಾಡಿ ಈಗ ಅಣ್ಣನ ಮನೆ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿದೆ. ಮುಂದಿನ ಸೀಸನ್ನಿನ ಎಣ್ಣೆ ಅವನೇ ತಂದಿಟ್ಟಿದ್ದಾನೆ, ನನ್ನ ಹತ್ತಿರ ಹೇಳಲೂ ಇಲ್ಲ.