ಯುದ್ಧವಾರ್ತೆಯೂ ಸರಕಾರದ ಮಾತೂ

ದೂರದೇಶದ ಯುದ್ಧದ ವಿಷಯದಲ್ಲಿ ಪ್ರಜೆಗೆ ಸ್ವಂತ ಕಣ್ಣಿಲ್ಲ. ಊರಿನ ಕೆರೆಯ ಏರಿ ಒಡೆದರೆ ಅವನು ಹೋಗಿ ನೋಡಿ ಬರಬಹುದು. ಕಂದಾಯ ಹೆಚ್ಚಿದರೆ ಕೈಯಲ್ಲಿರುವ ರಸೀತಿಯೇ ಅದನ್ನು ಹೇಳುತ್ತದೆ. ಆದರೆ ಸಾವಿರಾರು ಮೈಲಿಗಳಾಚೆಯ ಸಮುದ್ರದಲ್ಲಿ ಮೊದಲು ಗುಂಡು ಹಾರಿಸಿದವರು ಯಾರು, ಸಂಧಿಪತ್ರದಲ್ಲಿ ಬರೆದುದೇನು, ಬರೆಯದೆ ಬಿಟ್ಟುದೇನು ಎಂಬುದನ್ನು ಅವನು ಬಹುಮಟ್ಟಿಗೆ ಸರಕಾರದ ಬಾಯಿಂದಲೇ ಕೇಳಬೇಕು. ಆದುದರಿಂದಲೇ ಆಳುವವರಿಗೆ ಈ ವಿಷಯದಲ್ಲಿ ಅಸತ್ಯವನ್ನಾಡುವ ಧೈರ್ಯ ಹೆಚ್ಚು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿರುವರು. ಪ್ರತ್ಯಕ್ಷ ಕಾಣಲಾಗದ ಸಂಗತಿಯನ್ನು ಮತ್ತೆಷ್ಟು ಪ್ರಮಾಣಿಸಿ ನೋಡಬೇಕು? ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೇರಿಕದ ಸರಕಾರವು ತನ್ನ ಪ್ರಜೆಗಳಿಗೆ ಹೇಳಿದ ಮಾತುಗಳನ್ನೂ, ಅದರ ಕಡತಗಳಿಂದ ತರುವಾಯ ಹೊರಬಿದ್ದ ಸಂಗತಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಇದರ ಉತ್ತರ ದೊರೆಯದಿರದು.

1964ನೆಯ ಇಸವಿ ಆಗಸ್ಟ್ 2ರಂದು ಟಾಂಕಿನ್ ಕೊಲ್ಲಿಯಲ್ಲಿ ಉತ್ತರ ವಿಯೆಟ್ನಾಮಿನ ದೋಣಿಗಳು ಮ್ಯಾಡಾಕ್ಸ್ ಎಂಬ ಅಮೇರಿಕದ ಯುದ್ಧನೌಕೆಯ ಮೇಲೆ ಬಿದ್ದುದು ನಿಜ. 4ರಂದು ಎರಡನೆಯ ಸಲ ಆಕ್ರಮಣವಾಯಿತೆಂದು ಅಧ್ಯಕ್ಷ ಜಾನ್ಸನ್ನರು ಆ ರಾತ್ರಿಯೇ ಟೆಲಿವಿಷನ್ನಿನಲ್ಲಿ ಸಾರಿ, ಪ್ರತೀಕಾರಕ್ಕೆ ವಿಮಾನಗಳನ್ನು ಕಳುಹಿಸಿದರು. ಆದರೆ ಆ ನೌಕೆಗಳ ಮುಖ್ಯಾಧಿಕಾರಿಯಾಗಿದ್ದ ಕ್ಯಾಪ್ಟನ್ ಹೆರಿಕ್ಕರು ಅದೇ ದಿನ ಕಳುಹಿಸಿದ ಸಂದೇಶದಲ್ಲಿ, ವರದಿಯಾದ ಟಾರ್ಪೆಡೊಗಳಲ್ಲಿ ಅನೇಕವು ಸಂದೇಹಾಸ್ಪದವಾಗಿವೆ, ಹವೆಯ ವೈಪರೀತ್ಯವೂ ಯಂತ್ರದ ಮುಂದೆ ಕುಳಿತವರ ಆತುರವೂ ಇದಕ್ಕೆ ಕಾರಣವಾಗಿರಬಹುದು, ಮುಂದಿನ ಕ್ರಮ ಕೈಕೊಳ್ಳುವ ಮೊದಲು ಪೂರ್ಣ ವಿಮರ್ಶೆ ನಡೆಯಲಿ ಎಂದು ತಿಳಿಸಿದ್ದರು. ಮೇಲಿನವರು ಮರಳಿ ಕೇಳಿದ ಮೇಲೆ, ಮೊದಲು ಹೊಂಚುಹಾಕಿದ್ದುದು ನಿಜವೆಂದು ಅವರೇ ಬರೆದರಾದರೂ, ಸಂದೇಹಗಳೇನೂ ತೀರಲಿಲ್ಲ. ಪ್ರಜೆಗಳಿಗೆ ಮಾತ್ರ ಆ ಸಂದೇಹದ ಸುಳಿವೂ ಸಿಕ್ಕಲಿಲ್ಲ. ಉತ್ತರ ವಿಯೆಟ್ನಾಮಿನ ಕರಾವಳಿಯ ಮೇಲೆ ಅಮೇರಿಕದ ಬೆಂಬಲದಿಂದಲೇ ಗುಪ್ತದಾಳಿಗಳು ನಡೆಯುತ್ತಿದ್ದುದನ್ನೂ ಮುಚ್ಚಿಡಲಾಯಿತು. ಆಗಸ್ಟ್ 7ರಂದು ಯುದ್ಧಾಧಿಕಾರದ ಠರಾವು ಕೆಳಮನೆಯಲ್ಲಿ 416 ಮತಗಳಿಂದ ಅವಿರೋಧವಾಗಿಯೂ, ಸೆನೆಟ್ಟಿನಲ್ಲಿ 88ಕ್ಕೆ 2 ಮತಗಳಿಂದಲೂ ಸ್ವೀಕೃತವಾಯಿತು. ವಿರೋಧಿಸಿದ ಇಬ್ಬರು ಮೋರ್ಸ್ ಮತ್ತು ಗ್ರುಯೆನಿಂಗ್. ಎರಡನೆಯ ಆಕ್ರಮಣವು ನಡೆದೇ ಇರಲಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಇತಿಹಾಸಕಾರರೇ ಬರೆದ ಲೇಖನವು 2005ರಲ್ಲಿ ಬಹಿರಂಗವಾಯಿತು. ನಾಲ್ವತ್ತೊಂದು ವರ್ಷಗಳ ತರುವಾಯ!

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸರಕಾರಕ್ಕೆ ಸಂಗತಿ ತಿಳಿಯದೆ ತಪ್ಪಾಯಿತೆಂದು ಹೇಳುವಂತಿಲ್ಲ. ಸುಳ್ಳಿನ ಘೋಷಣೆ ಹೊರಟ ಗಳಿಗೆಯಲ್ಲಿಯೇ ಸಂದೇಹದ ಕಾಗದವೂ ಅದೇ ಕಚೇರಿಯಲ್ಲಿತ್ತು. ಯುದ್ಧಮಂತ್ರಿ ಮೆಕ್ನಮಾರರೇ 1967ರಲ್ಲಿ ಬರೆಯಿಸಿದ ಸುಮಾರು 7,000 ಪುಟಗಳ ಗುಪ್ತ ಇತಿಹಾಸವನ್ನು ಡೇನಿಯಲ್ ಎಲ್ಸ್‌ಬರ್ಗರು ಹೊರಗೆಡಹಿದಾಗ, 1971ರ ಜೂನಿನಲ್ಲಿ ಲೋಕಕ್ಕೆ ಕಂಡುದೂ ಇದೇ. 1965ರ ಮಾರ್ಚಿನ ಒಂದು ಟಿಪ್ಪಣಿಯಲ್ಲಿ ಯುದ್ಧಖಾತೆಯ ಹಿರಿಯ ಅಧಿಕಾರಿ ಮೆಕ್‌ನಾಟನ್ನರು ಯುದ್ಧದ ಉದ್ದೇಶಗಳನ್ನು ಶೇಕಡಾವಾರು ಲೆಕ್ಕ ಹಾಕಿದ್ದರು: ಅವಮಾನಕರವಾದ ಸೋಲನ್ನು ತಪ್ಪಿಸಿಕೊಳ್ಳುವುದು 70, ಚೀನದ ಕೈಗೆ ಆ ನೆಲ ಹೋಗದಂತೆ ತಡೆಯುವುದು 20, ದಕ್ಷಿಣ ವಿಯೆಟ್ನಾಮಿನ ಜನಕ್ಕೆ ಸ್ವತಂತ್ರ ಜೀವನ 10. ವೇದಿಕೆಯ ಮೇಲೆ ಮಾತ್ರ ಆ ಹತ್ತೇ ನೂರಾಗಿ ಮೆರೆಯುತ್ತಿತ್ತು.

ಶಾಂತಿಯ ಮಾತಿಗೂ ಇದೇ ಗತಿಯಾಯಿತು. 1954ರ ಜಿನೀವಾ ಒಪ್ಪಂದದ ಮೇಲ್ವಿಚಾರಣೆಯ ಆಯೋಗಕ್ಕೆ ನಮ್ಮ ಭಾರತವೇ ಅಧ್ಯಕ್ಷಸ್ಥಾನದಲ್ಲಿತ್ತು. ಕೆನಡಾ ಮತ್ತು ಪೋಲೆಂಡ್ ಸದಸ್ಯರಾಗಿದ್ದುವು. 1956ರ ಜುಲೈಯಲ್ಲಿ ಚುನಾವಣೆ ನಡೆದು ದೇಶ ಒಂದಾಗಬೇಕಿತ್ತು. ಆ ಚುನಾವಣೆ ನಡೆಯಲೇ ಇಲ್ಲ. ಆಯೋಗಕ್ಕೆ ವರದಿ ಬರೆಯುವ ಅಧಿಕಾರವಿತ್ತೇ ಹೊರತು ನಡೆಯಿಸುವ ಬಲವಿರಲಿಲ್ಲ. ಮುಂದೆ 1972ರ ಅಕ್ಟೋಬರ್ 26ರಂದು, ಅಮೇರಿಕದ ಚುನಾವಣೆಗೆ ಎರಡು ವಾರಗಳೂ ಇಲ್ಲದಿರುವಾಗ, ಶಾಂತಿ ಕೈಗೆ ಬಂದಿದೆಯೆಂದು ಕಿಸ್ಸಿಂಜರರು ಸಾರಿದರು. ಡಿಸೆಂಬರಿನಲ್ಲಿ ಹನೊಯ್ ನಗರದ ಮೇಲೆ ಬಾಂಬುಗಳ ಮಳೆಯಾಯಿತು. 1973ರ ಜನವರಿ 27ರಂದು ಪ್ಯಾರಿಸಿನಲ್ಲಿ ಸಹಿಗಳಾದುವು. ಅಮೇರಿಕದ ಸೈನ್ಯ 60 ದಿನಗಳಲ್ಲಿ ಹೊರಡಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ದಕ್ಷಿಣದಲ್ಲಿ ಬೀಡುಬಿಟ್ಟಿದ್ದ ಉತ್ತರದ ಸೈನ್ಯ ಹೊರಡಬೇಕೆಂದು ಬರೆದಿರಲಿಲ್ಲ. ಒಪ್ಪಂದ ಮುರಿದರೆ ಪೂರ್ಣಬಲದಿಂದ ಎದುರಿಸುವೆವೆಂದು ನಿಕ್ಸನ್ನರು ದಕ್ಷಿಣದ ಅಧ್ಯಕ್ಷ ಥಿಯು ಅವರಿಗೆ ಕೊಟ್ಟ ಲಿಖಿತ ವಚನವನ್ನು ತಮ್ಮ ಶಾಸನಸಭೆಗೆ ತೋರಿಸಲಿಲ್ಲ. ಆ ವರ್ಷದ ನೊಬೆಲ್ ಶಾಂತಿಪಾರಿತೋಷಕವನ್ನು ಕಿಸ್ಸಿಂಜರರಿಗೂ ಲೆ ಡುಕ್ ಥೋ ಅವರಿಗೂ ಘೋಷಿಸಿದಾಗ, ಶಾಂತಿಯೇ ಇನ್ನೂ ನೆಲೆಗೊಂಡಿಲ್ಲವೆಂದು ಲೆ ಡುಕ್ ಥೋ ಅದನ್ನು ಸ್ವೀಕರಿಸಲಿಲ್ಲ. 1975ರ ಏಪ್ರಿಲ್ 30ರಂದು ಉತ್ತರದ ಟ್ಯಾಂಕುಗಳು ಸೈಗಾನನ್ನು ಹೊಕ್ಕುವು.

ಅಮೇರಿಕವೊಂದೇ ಅಸತ್ಯವನ್ನಾಡಿತೆಂದು ನಾವು ಹೇಳುವುದಿಲ್ಲ. ದಕ್ಷಿಣದಲ್ಲಿ ತನ್ನ ಸೈನ್ಯವೇ ಇಲ್ಲವೆಂದು ಹನೊಯ್ ಸರಕಾರವೂ ವರ್ಷಗಟ್ಟಲೆ ಹೇಳುತ್ತಿತ್ತು. ಒಂದು ಸರಕಾರವನ್ನು ಶಂಕಿಸಿದ ಮಾತ್ರಕ್ಕೆ ಅದರ ವೈರಿಯನ್ನು ನಂಬಬೇಕೆಂಬ ನ್ಯಾಯವೆಲ್ಲಿಯೂ ಇಲ್ಲ.

ಯುದ್ಧಕಾಲದಲ್ಲಿ ಸಂದೇಹವೆತ್ತುವುದು ಶತ್ರುವಿಗೆ ಸಹಾಯ ಮಾಡಿದಂತೆ ಎಂದು ಕೆಲವರು ಆಕ್ಷೇಪಿಸುವರು. ಸೈನ್ಯ ಯಾವ ದಾರಿಯಿಂದ ಹೋಗುತ್ತದೆಂಬುದನ್ನು ಗುಪ್ತವಾಗಿಡಬೇಕಾದುದು ಸರಿಯೇ. ಆದರೆ ಯುದ್ಧಕ್ಕೆ ಕಾರಣವೇನೆಂಬುದನ್ನು ಶತ್ರುವು ಮೊದಲೇ ಬಲ್ಲನು. ಆ ರಾತ್ರಿ ತನ್ನ ದೋಣಿಗಳು ದಾಳಿಮಾಡಿದುವೋ ಇಲ್ಲವೋ ಎಂಬುದು ಹನೊಯ್‌ಗೆ ತಿಳಿಯದ ಗುಟ್ಟೇ? ಗುಟ್ಟನ್ನು ಮುಚ್ಚಿಟ್ಟದ್ದು ಸ್ವಂತ ಪ್ರಜೆಗಳಿಂದ. ಅದರ ಬೆಲೆಯಾಗಿ 58,000ಕ್ಕೂ ಮಿಕ್ಕಿ ಅಮೇರಿಕದ ಯೋಧರೂ, ಲಕ್ಷಗಟ್ಟಲೆ ವಿಯೆಟ್ನಾಮಿನ ಜನರೂ ಪ್ರಾಣ ತೆತ್ತರು.

ಆದುದರಿಂದ ಯಾವ ದೇಶದ ಸರಕಾರವೇ ಆಗಲಿ, ಯುದ್ಧದ ಕಾರಣವನ್ನು ಸಾರಿದಾಗ ವಿವೇಕಿಯಾದ ಪ್ರಜೆ ಕೇಳತಕ್ಕುದು: ಇದನ್ನು ಕಂಡವರಾರು, ಅವರು ಬರೆದುದನ್ನು ಪೂರ್ತಿಯಾಗಿ ತೋರಿಸಿದ್ದಾರೆಯೆ? ಸಂಧಿಯನ್ನು ಸಾರಿದಾಗ ಕೇಳತಕ್ಕುದು: ಇದರಲ್ಲಿ ಬರೆಯದೆ ಬಿಟ್ಟುದೇನು, ಮುರಿದವರನ್ನು ತಡೆಯುವವರಾರು, ಬೇರೆ ಗುಪ್ತವಚನಗಳುಂಟೆ? ಕಚೇರಿಗಳಲ್ಲಿ ಕುಳಿತ ಅಧಿಕಾರಿಗಳಿಗೆ ನಾವು ಅರಿಕೆಮಾಡುವುದು ಇನ್ನೂ ಒಂದುಂಟು. ಹೆರಿಕ್ಕರ ಸಂದೇಹ ಆ ದಿನ ಯುದ್ಧವನ್ನು ತಡೆಯಲಿಲ್ಲ. ಆದರೆ ಅದು ಬರಹದಲ್ಲಿ ಉಳಿದುದರಿಂದಲೇ ಸತ್ಯ ಪೂರ್ಣವಾಗಿ ಸಾಯಲಿಲ್ಲ. ಮೇಲಿನವರಿಗೆ ರುಚಿಸದ ಸಂಗತಿಯನ್ನು ಕಡತದಲ್ಲಿ ನಿರ್ಭಯವಾಗಿ ಬರೆದಿಡುವ ಅಧಿಕಾರಿ ದೇಶದ್ರೋಹಿಯಲ್ಲ. ದೇಶಕ್ಕೆ ಅವನು ಸಲ್ಲಿಸುವ ಸೇವೆ ಸೈನಿಕನ ಸೇವೆಗೆ ಕಡಿಮೆಯಾದುದಲ್ಲ.