ಜಾರಿಗೆ ಮುನ್ನವೇ ಅಳತೆಗೋಲು ಬೇಕು

2010ರಲ್ಲಿ ರಾಜ್ಯ ಸರ್ಕಾರ ಬಡವರಿಗಾಗಿ ರೂಪಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಷ್ಟೇ ಜಾರಿಗೊಂಡಿತು. ಈ ಹಂತಹಂತದ ಜಾರಿಯೇ ಸಂಶೋಧಕರಿಗೆ ವರವಾಯಿತು. ಯೋಜನಾ ವ್ಯಾಪ್ತಿಯ ಒಳಗಿನ ಹಾಗೂ ಹೊರಗಿನ 572 ಗ್ರಾಮಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಮರಣ ಪ್ರಮಾಣ ಅರ್ಹ ಬಡ ಕುಟುಂಬಗಳಲ್ಲಿ ಶೇ 0.32, ವ್ಯಾಪ್ತಿಯ ಹೊರಗಿನ ಬಡವರಲ್ಲಿ ಶೇ 0.90 ಇತ್ತು. ಶಸ್ತ್ರಚಿಕಿತ್ಸೆಗಳನ್ನಷ್ಟೇ ಎಣಿಸಿದ್ದರೆ ಈ ಸತ್ಯ ಹೊರಬರುತ್ತಿರಲಿಲ್ಲ.

2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮರುವರ್ಷ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಎಷ್ಟು ಮನೆಗಳ ತಪಾಸಣೆ ನಡೆಯಿತೆಂಬುದು ಸಾಧನೆಯ ಮಾನದಂಡವಾಗದು. ಎಷ್ಟು ಮಂದಿಯ ರಕ್ತದೊತ್ತಡ, ಮಧುಮೇಹ ಹತೋಟಿಗೆ ಬಂದವು ಎಂಬುದೇ ಪ್ರಶ್ನೆ. ಅದಕ್ಕೆ ಆರಂಭದ ಸ್ಥಿತಿಯ ದಾಖಲೆ ಅತ್ಯಗತ್ಯ. ಯೋಜನೆ ಎಲ್ಲೆಡೆ ತಲುಪಿದ ಬಳಿಕ ಹೋಲಿಕೆಗೆ ಊರೇ ಉಳಿಯದು.